ನೀರು ಬಿಡದ ಜಲಪಾತ

ಅಪ್ಪ ಶಿವನಸಮುದ್ರದ ಬಳಿ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾದವರು. ಮೇಲೆ ಗೇಟು ತೆಗೆದು ನೀರು ಬಿಟ್ಟರೆ ಜಲಪಾತ, ಮುಚ್ಚಿದರೆ ಬರೀ ಬಂಡೆ. ಅವರು ಕಂಡ ಲೋಕ ಅದು.

ನಾನೂ ಅಪ್ಪನೂ ಆಸ್ಟ್ರೇಲಿಯಾ ಸುತ್ತುವಾಗ ಸಿಡ್ನಿಯಲ್ಲಿ ಒಂದು ದಿನದ ಗೈಡ್ ಟೂರಿಗೆ ಸೇರಿಕೊಂಡೆವು. ಬಸ್ಸು ಮೊದಲು ನಿಂತದ್ದೇ ಒಂದು ಜಲಪಾತದ ಮುಂದೆ. ನೀರು ನೂಲಿನೆಳೆಯಷ್ಟಿತ್ತು. ಆದರೂ ಗುಂಪಿನವರೆಲ್ಲ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು.

"ಗೇಟು ಎಷ್ಟ್ ಗಂಟ್ಗೆ ತಗೀತಾರಂತೆ, ಕೇಳವ್ವ," ಎಂದರು ಅಪ್ಪ.

ಎಲ್ಲರ ಮುಂದೆ ಕೇಳಲು ನನಗೆ ನಾಚಿಕೆ. ಆದರೂ ಕೇಳಿದೆ. ಗೈಡ್ ಹುಡುಗಿ ನಕ್ಕು, ಇಲ್ಲಿ ಗೇಟೇ ಇಲ್ಲ, ಮಳೆ ಬಂದರಷ್ಟೇ ನೀರು ಎಂದಳು.

"ಸುಳ್ ಯೋಳ್ತಾವ್ಳೆ ಬುಡು. ಬಂದೋರ್‌ಗೆಲ್ಲ ನಾವೂ ಇಂಗೇ ಯೋಳಿ ಕಳುಸ್ತಿದ್ದೊ," ಎಂದು ಅಪ್ಪ ಕಲ್ಲುಬೆಂಚಿನ ಮೇಲೆ ಕಾಯುತ್ತಾ ಕುಳಿತರು. ಗೈಡ್ ಹುಡುಗಿ ಗುಂಪು ಸೇರಿಸುವ ಬಾವುಟ ಎತ್ತಿ ಮೂರು ಸಲ ಕರೆದರೂ ಏಳಲಿಲ್ಲ. ಕೊನೆಗೆ ನಾನೇ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ.

ಊರಿಗೆ ಬಂದ ಮೇಲೆ ಅಪ್ಪನ ಜೊತೆ ಕೆಲಸ ಮಾಡಿದ್ದ ಗೆಳೆಯರು ಮನೆಗೆ ಬಂದು, "ಎಂಗಿತ್ಲಾ ಆಸ್ಟ್ರೇಲಿಯಾ?" ಎಂದು ಕೇಳಿದರು.

"ಚೆನ್ನಾಗದೆ ಕಣ್ಲಾ. ನಾವು ಓಗಿದ್ ದಿನ ನೀರು ಬುಟ್ಟಿರ್ನಿಲ್ಲ, ಅಷ್ಟೆಯ."