ವೇರು ಅಂದರೆ ಬೇರು

ಸುಜಾತ, ಅಂಗಳದ ಬೇವಿನ ಮರದ ಬೇರು ಕಡಿಸಿದವಳು ನಾನು, ನಿನ್ನ ಓರಗಿತ್ತಿ. ಮರ ಬಾಡಿದ್ದಕ್ಕೆ ಕಾರಣ ನಿನ್ನ ಕಾಲ್ಗುಣವೂ ಅಲ್ಲ, ನೀನು ಬೇರೆ ಒಲೆ ಕೇಳಿದ್ದೂ ಅಲ್ಲ — ನಾನು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈಗಲೂ ಹೆದರಿಕೆ ತಡೆಯಲಾಗದೆ ಹೇಳುತ್ತಿದ್ದೇನೆ. ಸ್ವಲ್ಪ ಗಾಳಿ ಎದ್ದರೂ ಅಂಗಳಕ್ಕೆ ಓಡಿ ಮರ ನೋಡುತ್ತೇನೆ.

ಬಚ್ಚಲ ನೀರು ಅಂಗಳದಲ್ಲೇ ನಿಂತು ಸೊಳ್ಳೆಯಾಗುತ್ತಿತ್ತಲ್ಲ. ಪೈಪು ಹಾಕಿಸೋಣ ಎಂದರೆ ಅತ್ತೆ ಬಿಡುತ್ತಿರಲಿಲ್ಲ. ಅದು ಅಮ್ಮನವರ ಮರ, ಬುಡಕ್ಕೆ ಗುದ್ದಲಿ ತಾಗಕೂಡದು ಅಂತ. ನೀವೆಲ್ಲ ಕುರುಡುಮಲೆ ಗಣಪತಿಗೆ ಹೋದ ದಿನ ತಲೆನೋವಿನ ನೆಪ ಹೇಳಿ ಉಳಿದೆ. ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿಯವನನ್ನು ಕರೆದೆ. ಕಾಂಪೌಂಡಿಗೂ ಮರಕ್ಕೂ ನಡುವೆ ಉದ್ದಕ್ಕೆ ತೋಡಿದ. ತೊಡೆಯಷ್ಟು ದಪ್ಪದ ಬೇರುಗಳು — ಪಟಪಟ ಹರಿದವು. ನಿಲ್ಲಿಸಪ್ಪಾ ಅನ್ನಬಹುದಿತ್ತು. ಅನ್ನಲಿಲ್ಲ. ನೀವು ಬರುವಷ್ಟರಲ್ಲಿ ಪೈಪು ಹೂಳಿಸಿ, ಮಣ್ಣು ಮುಚ್ಚಿಸಿ, ಸಗಣಿ ಸಾರಿಸಿದ್ದೆ. ಮೇಲೆಮೇಲೆ ಕೆದಕಿಸಿದೆ ಅಷ್ಟೇ ಅಂದೆ. ಅತ್ತೆ ನಂಬಿದರು.

ಮುಂದಿನ ಯುಗಾದಿಗೆ ಮರ ಮೈತುಂಬ ಚಿಗುರಲಿಲ್ಲ. ಕಾಂಪೌಂಡ್ ಕಡೆಯ ಕೊಂಬೆಗಳಲ್ಲಿ ಎಲೆ ವಿರಳವಾಗಿ ಆಕಾಶ ಕಾಣತೊಡಗಿತು. ಅತ್ತೆ ಗೊಬ್ಬರ ಹಾಕಿಸಿದರು, ಅರಿಶಿನದ ನೀರೆರೆದರು, ದೃಷ್ಟಿ ತೆಗೆದರು. ಕೊನೆಗೆ ಶ್ರೀನಿವಾಸಪುರದಿಂದ ತಮ್ಮನನ್ನು ಕರೆಸಿದರು — ಮಾವಿನ ತೋಟ ಮಾಡಿದವರು, ಗಿಡಮರ ಬಲ್ಲವರು ಅಂತ. ಆ ವಾರವೇ ನೀನು ಬೇರೆ ಒಲೆ ಹೂಡುತ್ತೇನೆ ಅಂದಿದ್ದೆ. ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ಮರ ಸುತ್ತು ಹಾಕಿ, ತಲೆಯೆತ್ತಿ ನೋಡಿ, ತಮ್ಮ ಮನೆಮಾತು ತೆಲುಗಿನಲ್ಲಿ ಒಂದೇ ಮಾತು ಅಂದರು. "ಅಂತಾ ವೇರುಲೋನೇ ಉಂದಕ್ಕಾ."

ನೀನು ವಕ್ಕಲೇರಿಯವಳು, ನಿನಗೆ ತೆಲುಗು ಅಷ್ಟಕ್ಕಷ್ಟೆ. ವೇರು ಅಂದರೆ ಬೇರು. ಎಲ್ಲ ಇರುವುದು ಬೇರಿನಲ್ಲೇ ಅಂದರು ಅವರು. ಆದರೆ ಮನೆ ಬಿಟ್ಟು ಬೇರೆಯಾಗುವುದಕ್ಕೂ ತೆಲುಗಿನಲ್ಲಿ ವೇರು ಅಂತಲೇ ಅನ್ನುವುದು. ಅತ್ತೆಯ ಕಿವಿಗೆ ಬಿದ್ದದ್ದು ಅದು.

"ಕೇಳಿದ್ಯೇನೇ? ಬೇರೆ ಆಗ್ತೀನಿ ಅಂದೆ, ಮರ ಬಾಡ್ತು. ಹೋಗು, ಬೇರೇನೇ ಇರೋಗು."

ನೀನು ನನ್ನ ಮುಖ ನೋಡಿದೆ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡೆ. ಅತ್ತೆಯ ತಮ್ಮ ಬುಡ ಅಗೆದು ನೋಡೋಣ ಎಂದಾಗ, ಇವತ್ತು ಶುಕ್ರವಾರ, ಅಂಗಳ ಅಗೆಯೋದು ಬೇಡ ಅಂದವಳೂ ನಾನೇ. ಜಗಳ ಜೋರಾಗಿತ್ತು. ಅವರು ಮುಜುಗರಪಟ್ಟು, ಮತ್ತೇನೂ ಹೇಳದೆ ಬಸ್ಸು ಹಿಡಿದರು. ನೀವು ಗಂಡಹೆಂಡತಿ ಮಾಲೂರಿಗೆ ಹೋದಿರಿ. ಅಲ್ಲಿಯ ಇಟ್ಟಿಗೆ ಗೂಡಿನ ಹೊಗೆಗೆ ಮಗು ಕೆಮ್ಮುತ್ತದೆ ಅಂತ ಕೇಳಿದಾಗಲೆಲ್ಲ — ಥೂ, ನನ್ನ ಜನ್ಮಕ್ಕೆ.

ಮೊನ್ನೆ ನಿನ್ನ ಫೋನು ಬಂತು. "ಅಕ್ಕಾ, ವಾಪಸ್ ಬರ್ತೀವಿ. ಮರದ ಪಕ್ಕದ ರೂಮೇ ಸಾಕು, ಮಗೂಗೆ ತಂಪಾಗಿರುತ್ತೆ." ಆಗಲಿ ಅಂದುಬಿಟ್ಟೆ. ಫೋನಿಟ್ಟು ಮರದ ಬುಡಕ್ಕೆ ಹೋಗಿ ನೋಡಿದೆ. ಕಾಂಪೌಂಡ್ ಕಡೆ ಮರಕ್ಕೆ ಹಿಡಿತವೇ ಇಲ್ಲ, ಸುಜಾತ. ಆ ಬದಿಯ ನೆಲ ಬಿರುಕು ಬಿಟ್ಟಿದೆ. ನನ್ನ ಬೆರಳು ಇಳಿಯುತ್ತದೆ. ಮರ ವಾಲಿರುವುದು ಆ ರೂಮಿನ ಮೇಲಕ್ಕೆ. ಒಂದು ದೊಡ್ಡ ಗಾಳಿ ಬಂದರೆ, ನಿನ್ನ ಮಗು ಒಳಗೆ ಮಲಗಿದ್ದರೆ — ಮುಂದೆ ಯೋಚಿಸಲು ಆಗುತ್ತಿಲ್ಲ.

ರೂಮಿಗೆ ಬೀಗ ಹಾಕಿದ್ದೇನೆ. ಮರ ಇಳಿಸುವವರಿಗೆ ಹೇಳಿ ಕಳಿಸಿದ್ದೇನೆ. ಅದು ನೆಲಕ್ಕೆ ಬರುವವರೆಗೆ ನೀವು ಆ ರೂಮಿಗೆ ಕಾಲಿಡಬೇಡಿ. ನನ್ನ ರೂಮಿನಲ್ಲಿರಿ. ನನ್ನ ಮೇಲಿನ ಸಿಟ್ಟಿಗೆ ಬರುವುದನ್ನೇ ಬಿಟ್ಟರೂ ಸರಿ, ಅಲ್ಲಿ ಮಾತ್ರ ಮಲಗಬೇಡಿ.

ಇವತ್ತು ಬೆಳಿಗ್ಗೆ ಅತ್ತೆಗೂ ಎಲ್ಲ ಹೇಳಿದೆ. ಬೈಯುತ್ತಾರೆ, ಅಮ್ಮನವರ ಹೆಸರು ಹಿಡಿದು ಶಾಪ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಮರದ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿದ್ದು ಒಂದೇ ಮಾತು.

"ನಾನು ಅವಳನ್ನ ಹೋಗು ಅಂದಾಗ ನೀನು ಅಲ್ಲೇ ನಿಂತಿದ್ದೆ ಅಲ್ವೇನೇ?"

ನಿಂತಿದ್ದೆ, ಸುಜಾತ. ಅಲ್ಲೇ ನಿಂತಿದ್ದೆ.