ರ‍್ಯಾಪ್ ತಾಳಕ್ಕೆ ಜೋಳದ ರೊಟ್ಟಿ

ನೆಂಟರು ಊಟಕ್ಕೆ ಬರಲಿದ್ದ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಅಮೆರಿಕದ ಹಳೇ ರ‍್ಯಾಪ್ ಹಾಡು ಕೇಳಿಬಂತು. ಅದರ ತಾಳಕ್ಕೆ ಸರಿಯಾಗಿ ರೊಟ್ಟಿ ಬಡಿಯುವ ಸದ್ದು! ನನ್ನ ಗಂಡನ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು, ಬಾಗಲಕೋಟೆಯ ನಮ್ಮತ್ತೆ ತಲೆದೂಗುತ್ತಿದ್ದರು. ಬೆಳಿಗ್ಗೆ ದೇವರ ಹಾಡಿರಲಿ ಎಂದು ನಾನು ಅದೇ ಹಾಡಿನ ಆ್ಯಪಿನಲ್ಲಿ ನಿಧಾನದ ಭಜನೆಯೊಂದನ್ನು ಹಾಕಿದೆ. ಮರುಕ್ಷಣವೇ ರೊಟ್ಟಿ ಹರಿಯಿತು.

"ಏ ಯವ್ವಾ, ಮೊದಲಿನ ಹಾಡ ಹಚ್ಚ! ಅವ ಬೈಯಾಕ ಹತ್ತಿದ್ರ ನನ್ನ ಕೈ ತಾನ ಓಡತೈತಿ," ಎಂದು ಅತ್ತೆ ಗದರಿದರು.

ಈಗ ನಮ್ಮ ವಿಕ್ರೋಳಿ ಬಿಲ್ಡಿಂಗಿನಲ್ಲಿರುವ ಅವರ ಊರ ಕಡೆಯ ಹೆಂಗಸರೆಲ್ಲ ಅದೇ ಹಾಡಿಗೆ ರೊಟ್ಟಿ ಬಡಿಯುತ್ತಾರೆ. ಆ್ಯಪಿನ ಲೆಕ್ಕ ನೋಡಿ, ಮುಂಬಯಿಯಲ್ಲಿ ತನಗೆ ಇಷ್ಟು ಅಭಿಮಾನಿಗಳೇ ಎಂದು ಆ ಹಾಡುಗಾರ ಹಿಗ್ಗುತ್ತಿರಬಹುದು. ನಾವೆಲ್ಲ ಅನ್ನ ಮಾಡಿದ ದಿನ ಮಾತ್ರ, ಪಾಪ, ಅವನನ್ನು ಕೇಳುವವರೇ ಇಲ್ಲ.