ಚಿಕ್ಕಪ್ಪನ ಸಲಾಡಿಗೊಂದು ಕೊಂಕು

ನಮ್ಮ ಮನೆಯಲ್ಲಿ ಯಾರ ಅಡುಗೆಯನ್ನಾದರೂ ಅಮ್ಮ "ಚೆನ್ನಾಗಿದೆ" ಅಂದಳೆಂದರೆ ಅವರ ಕಥೆ ಮುಗಿಯಿತು ಅಂತಲೇ ಅರ್ಥ. ಅಮ್ಮ ಕೊಂಕು ತೆಗೆಯುವುದು ತಾನು ತಿಂದದ್ದಕ್ಕೆ ಮಾತ್ರ. ತಿನ್ನದೆ ಬಿಟ್ಟದ್ದನ್ನು ಹೊಗಳಿ ಮುಂದೆ ಹೋಗುತ್ತಾಳೆ. ನೆಂಟರಿಷ್ಟರು ಸೇರಿದಾಗ ಎಲ್ಲರೂ ತಂದ ಪಾತ್ರೆಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಡುತ್ತೇವೆ. ಅಮ್ಮ ಚಮಚ ಹಿಡಿದು ಆ ತುದಿಯಿಂದ ಈ ತುದಿಗೆ ಬರುತ್ತಾಳೆ. "ಇದಕ್ಕೆ ಇನ್ನೊಂದು ಕುದಿ ಬೇಕಿತ್ತು." "ಉಪ್ಪು ಹಾಕೋವಾಗ ಫೋನಲ್ಲಿ ಮಾತಾಡ್ತಿದ್ಯಾ?" "ಬೆಂದಿದೆ, ಆದ್ರೆ ಬೇಜಾರಲ್ಲಿ ಬೆಂದಿದೆ." ಬೈಸಿಕೊಂಡವರ ಮುಖ ಅರಳುತ್ತದೆ. ಹೊಸದಾಗಿ ಬಂದ ಸೊಸೆಯಂದಿರು, ಅಳಿಯಂದಿರು ಮೊದಮೊದಲು ಕಣ್ಣಲ್ಲಿ ನೀರು ತಂದುಕೊಳ್ಳುವುದುಂಟು. ಒಂದೆರಡು ವರ್ಷದಲ್ಲಿ ಅವರೂ ದಾರಿಗೆ ಬರುತ್ತಾರೆ. ಆಮೇಲೆ ಬೈಗುಳ ಬೀಳದಿದ್ದರೇ ಅವರಿಗೆ ಕಳವಳ.

ಆ ಸಾಲಿನ ಕೊನೆಯಲ್ಲಿ ಯಾವಾಗಲೂ ಒಂದು ಅಗಲವಾದ ಗಾಜಿನ ಬಟ್ಟಲು ಇರುತ್ತಿತ್ತು. ಅದು ಚಿಕ್ಕಪ್ಪನದು, ಅದರಲ್ಲಿ ಸಲಾಡು. ಅಮ್ಮ ಅಲ್ಲಿಗೆ ಬಂದು ಚಮಚ ಕೆಳಗಿಟ್ಟು, "ಚೆನ್ನಾಗಿದೆಯಪ್ಪ" ಅಂದು ಸೀದಾ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದು ಇದನ್ನೇ.

ಚಿಕ್ಕಪ್ಪನದು ಲಿಫ್ಟ್ ರಿಪೇರಿ ಕೆಲಸ. ಅಪ್ಪನಿಗಿಂತ ಬಹಳ ಚಿಕ್ಕವನು. ಅಮ್ಮ ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಅಜ್ಜಿ ಆಗಲೇ ತೀರಿಹೋಗಿದ್ದರು. ಅವನ ತಲೆ ಬಾಚಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬಿಸಿ ಗಂಜಿ ಕುಡಿಸಿದವಳು ಎಲ್ಲ ಅಮ್ಮನೇ. ಕೆಲಸ ಸಿಕ್ಕ ಮೇಲೆ ಅವನು ಊರಿನ ಆಚೆ ತುದಿಯಲ್ಲಿ ಒಂದು ರೂಮು ಮಾಡಿದ. ಮುಂದಿನ ಸಲ ಎಲ್ಲರೂ ಸೇರಿದಾಗ ಒಂದು ಬಟ್ಟಲು ಸಲಾಡು ಹೊತ್ತುಕೊಂಡು ಬಂದ.

ಆ ಮೊದಲ ಸಲಾಡಿನ ಕಥೆಯನ್ನು ಅವನೇ ನಗುತ್ತಾ ಹೇಳುತ್ತಾನೆ. ಉಪ್ಪು, ನಿಂಬೆರಸ, ಎಣ್ಣೆ ಎಲ್ಲವನ್ನೂ ಬೆಳಿಗ್ಗೆಯೇ ಕಲಸಿ ಬಸ್ಸು ಹತ್ತಿದ್ದನಂತೆ. ದಾರಿಯಲ್ಲೇ ಸೌತೆಕಾಯಿ ನೀರು ಬಿಟ್ಟು, ಸೊಪ್ಪಿನ ಎಲೆಗಳೆಲ್ಲ ಮಕಾಡೆ ಮಲಗಿ, ನಮ್ಮ ಮನೆ ತಲುಪಿದ್ದು ತಣ್ಣಗಿನ ಕಷಾಯ. ಅದಕ್ಕೂ ಅಮ್ಮ ಅಂದದ್ದು "ಚೆನ್ನಾಗಿದೆಯಪ್ಪ" ಅಂತಲೇ.

ಚಿಕ್ಕಪ್ಪ ಪಟ್ಟು ಬಿಡುವವನಲ್ಲ. ಅಂದಿನಿಂದ ಡ್ರೆಸಿಂಗನ್ನು ಬೇರೆ ಬಾಟಲಿಯಲ್ಲಿ ತರತೊಡಗಿದ. ಜಾಮ್ ಮುಗಿದ ಬಾಟಲಿಯಲ್ಲಿ ಒಂದು ಪಾಲು ನಿಂಬೆರಸ, ಎರಡು ಪಾಲು ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಅರೆದ ಸಾಸಿವೆ, ಒಂದು ಚಮಚ ಜೇನುತುಪ್ಪ, ಉಪ್ಪು. ಮುಚ್ಚಳ ಬಿಗಿದು, ಬಡಿಸುವ ಹೊತ್ತಿಗೆ ಸರಿಯಾಗಿ ಎಡಬಿಡದೆ ಕುಲುಕುತ್ತಿದ್ದ. "ಎಣ್ಣೆ ಎಲ್ಲಿಗೆ, ಎಷ್ಟು ಹಾಕಬೇಕು ಅನ್ನೋದೇ ಕಣೆ ನನ್ನ ಕಸುಬು" ಅನ್ನುತ್ತಿದ್ದ. ಕೆಲವು ಸಲ ಹುರಿದ ಕಡಲೆಕಾಯಿ ಬೀಜ ಅರೆದು ಹಾಕುತ್ತಿದ್ದ, ಕೆಲವು ಸಲ ಗಟ್ಟಿ ಮೊಸರಿಗೆ ಪುದೀನ. ಈರುಳ್ಳಿಯ ಘಾಟು ಹೋಗಲೆಂದು ಅದನ್ನು ಮೊದಲೇ ನಿಂಬೆರಸ, ಉಪ್ಪಿನಲ್ಲಿ ನೆನೆಹಾಕುತ್ತಿದ್ದ.

ಎಲೆ ಒದ್ದೆಯಿದ್ದರೆ ಡ್ರೆಸಿಂಗ್ ಜಾರಿ ತಳ ಸೇರುತ್ತದೆ ಅನ್ನುವುದು ಅವನ ದೊಡ್ಡ ಸಂಶೋಧನೆ. ಅದಕ್ಕೆ ತೊಳೆದ ಎಲೆಗಳನ್ನೆಲ್ಲ ದಿಂಬಿನ ಕವರಿಗೆ ತುಂಬಿ, ನಮ್ಮ ತಾರಸಿಯ ಮೇಲೆ ನಿಂತು ತಲೆಯ ಸುತ್ತ ಗಿರಗಿರನೆ ಬೀಸುತ್ತಿದ್ದ. ಕೆಳಮನೆಯ ಟೈಲರ್ ಬಾಲ್ಕನಿಗೆ ಬಂದು, "ಮೋಡ ಇಲ್ಲದೆ ನಮ್ಮ ಬಟ್ಟೆ ಮೇಲೆ ಮಾತ್ರ ಮಳೆ ಬರುತ್ತಲ್ಲ, ಇದ್ಯಾವ ನ್ಯಾಯ ಸ್ವಾಮಿ?" ಎಂದು ಕೂಗುತ್ತಿದ್ದರು. ಸಂಜೆ ಅವರಿಗೂ ಒಂದು ತಟ್ಟೆ ಹೋಗುತ್ತಿತ್ತು, ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ನೆಂಟರಿಗಂತೂ ಚಿಕ್ಕಪ್ಪನ ಸಲಾಡು ಅಂದರೆ ಪ್ರಾಣ. ಮಕ್ಕಳು ಬಟ್ಟಲಿನ ತಳಕ್ಕೆ ಬೆರಳು ಹಾಕಿ ನೆಕ್ಕುತ್ತಿದ್ದವು. ಅವನ ಕಣ್ಣು ಮಾತ್ರ ಅಮ್ಮನ ಚಮಚದ ಮೇಲೆ. ಒಂದು ಸಲ ಬೇಕೆಂದೇ ಉಪ್ಪು ಹಾಕದೆ ತಂದ, ಈಗಲಾದರೂ ಬೈದಾಳು ಎಂದು. ಇಡೀ ಬಳಗ ಮುಖ ಕಿವುಚಿತು. ಅಮ್ಮ "ಚೆನ್ನಾಗಿದೆಯಪ್ಪ" ಅಂದಳು.

ಅವತ್ತು ತಾರಸಿಯ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ. "ಒಂದೇ ಒಂದು ಸಲ ಬೈಲಿ ಕಣೆ. ಉಪ್ಪಿಲ್ಲ ಅನ್ನಲಿ, ಹುಳಿ ಅನ್ನಲಿ, ಎಲೆ ಕೊಳೆತಿದೆ ಅನ್ನಲಿ. ನಾನು ಈ ಮನೇಲೇ ಬೆಳೆದೋನು. ಹೊರಗಿನೋರ ಥರ ಚೆನ್ನಾಗಿದೆ ಅನ್ನಿಸ್ಕೊಂಡು ವಾಪಸ್ ಹೋಗ್ತೀನಲ್ಲ, ಅದೇ ಬೇಜಾರು."

ಹೋದ ವರ್ಷ ಅಪ್ಪ ಪ್ರೆಸ್ಸಿನ ಪುಸ್ತಕ ಬೈಂಡಿಂಗ್ ಕೆಲಸದಿಂದ ನಿವೃತ್ತರಾದರು. ಜೊತೆಯಲ್ಲಿ ದುಡಿದವರನ್ನೆಲ್ಲ ಮನೆಗೆ ಊಟಕ್ಕೆ ಕರೆದೆವು. ಆ ಬೆಳಿಗ್ಗೆ ಚಿಕ್ಕಪ್ಪ ಬಂದಾಗ ಚೀಲದ ತುಂಬಾ ತರಕಾರಿ, ಬಲಗೈ ತುಂಬಾ ಬ್ಯಾಂಡೇಜು. ಹಿಂದಿನ ದಿನ ಸ್ಪ್ಯಾನರ್ ಜಾರಿ ಹೆಬ್ಬೆರಳು ಚಚ್ಚಿಕೊಂಡಿದ್ದನಂತೆ.

"ಕೈ ಹಿಂಗಿಟ್ಕೊಂಡು ಇವತ್ತೂ ಬೇಕಿತ್ತೇನೋ ಇದೆಲ್ಲ?" ಅಂದರು ಅಪ್ಪ.

"ನಾನು ಹೇಳ್ತೀನಿ, ಮಗಳು ಮಾಡ್ತಾಳೆ" ಅಂದ ಚಿಕ್ಕಪ್ಪ.

ಮಗಳು ಅಂದರೆ ನಾನು. ನನಗೆ ಬಾಯಿ ಇರುವಷ್ಟು ಕೈ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಸೌತೆಕಾಯಿ ಹೆಚ್ಚತೊಡಗಿದೆ. ಒಂದು ಹೋಳು ಕಾಗದದಷ್ಟು ತೆಳು, ಇನ್ನೊಂದು ಬಾಗಿಲಿಗೆ ಅಡ್ಡ ಕೊಡುವಷ್ಟು ದಪ್ಪ. ಒಲೆಯ ಮುಂದಿದ್ದ ಅಮ್ಮ ಒಂದು ಸಲ ತಿರುಗಿ ನೋಡಿದಳು, ಎರಡು ಸಲ ನೋಡಿದಳು. ಮೂರನೆಯ ಸಲ ತಡೆಯಲಾಗದೆ ಬಂದು ಚಾಕು ಕಿತ್ತುಕೊಂಡಳು. "ಸೌತೆಕಾಯಿ ನಿನಗೇನೇ ಅನ್ಯಾಯ ಮಾಡಿತ್ತು? ಏಳು, ಹೋಗಿ ಒಲೆ ನೋಡ್ಕೋ." ಬೇಕೆಂದೇ ಹಾಗೆ ಮಾಡಿದೆಯಾ ಎಂದು ಚಿಕ್ಕಪ್ಪ ಇವತ್ತಿಗೂ ಕೇಳುತ್ತಾನೆ. ನನಗೆ ಬರುವುದೇ ಅಷ್ಟು.

ಅಮ್ಮನ ಚಾಕು ಟಕಟಕ ಓಡಿತು. ಚಿಕ್ಕಪ್ಪ ಪಕ್ಕದಲ್ಲಿ ನಿಂತು, ಉಸಿರು ಬಿಟ್ಟರೆ ಎಲ್ಲಿ ಎದ್ದು ಹೋಗುತ್ತಾಳೋ ಎಂಬಂತೆ ಮೆಲ್ಲಗೆ ಒಂದೊಂದೇ ಹೇಳುತ್ತಿದ್ದ. ಕ್ಯಾರೆಟ್ ತುರೀರಿ, ಈರುಳ್ಳಿ ನೆನೆಹಾಕಿ, ಟೊಮೆಟೊದ ಬೀಜ ತೆಗೀರಿ. ಅಮ್ಮ ಎಲ್ಲವನ್ನೂ ಹಾಗೇ ಮಾಡಿದಳು. ಬಾಟಲಿಗೆ ಎಣ್ಣೆ ಸುರಿದು ಕುಲುಕಿದಳು ಕೂಡ. ಆಗ ಚಿಕ್ಕಪ್ಪ ಧೈರ್ಯ ಮಾಡಿ, "ಸ್ವಲ್ಪ ರುಚಿ ನೋಡಿ ಅತ್ತಿಗೆ" ಅಂದ.

ಅಮ್ಮ ಬಾಟಲಿಯನ್ನು ಕುಕ್ಕಿದಳು. "ನಿನ್ನ ರುಚಿ ನನಗೇನೋ ಗೊತ್ತು? ನನ್ನ ಊಟ ಸಾಕಾಯ್ತು ಅಂತ ತಾನೆ ನೀನು ಎಲೆ ತಿನ್ನೋಕೆ ಹೋಗಿದ್ದು? ಅಷ್ಟು ವರ್ಷ ಬಿಸಿಬಿಸಿ ಮಾಡಿ ಹಾಕಿದೆ. ಬೇರೆ ಹೋಗಿದ್ದೇ ಹೋಗಿದ್ದು, ನಮ್ಮನೆಗೆ ಊಟಕ್ಕೆ ಬರೋವಾಗ ನಿನ್ನ ಊಟ ನೀನೇ ಹೊತ್ಕೊಂಡು ಬಂದೆ."

ನಾನು ಸೌಟು ಹಿಡಿದೇ ಇತ್ತ ತಿರುಗಿದೆ. ಚಿಕ್ಕಪ್ಪ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಅಯ್ಯೋ, ಅದಲ್ಲ ಅತ್ತಿಗೆ. ನನ್ನ ರೂಮು ಹಾಸಿಗೆ ಅಂಗಡಿ ಮೇಲಿತ್ತು. ಕೆಳಗಡೆ ಪೂರ್ತಿ ಹತ್ತಿ. ಬೆಂಕಿಕಡ್ಡಿ ಗೀರೋ ಹಾಗಿಲ್ಲ ಅಂತ ಓನರ್ ಮೊದಲೇ ಹೇಳಿದ್ರು. ಒಲೆ ಇರಲಿಲ್ಲ. ಹಸೀದು ಬಿಟ್ಟು ಬೇರೇನು ಮಾಡ್ಕೊಳ್ಳೋಕೂ ಆಗ್ತಿರಲಿಲ್ಲ. ನಿಮ್ಮನೆಗೆ ಬರಿಗೈಲಿ ಬರೋಕೆ ನಾಚಿಕೆ ಆಗ್ತಿತ್ತು, ನನಗೆ ಬರ್ತಿದ್ದದ್ದೇ ಇದೊಂದು."

"ಅದನ್ನ ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ನೀವು ದಿನಾ ಎರಡು ಬಸ್ ಹತ್ತಿ ಊಟ ಹೊತ್ಕೊಂಡು ಬರ್ತಿದ್ರಿ."

"ಬರ್ತಿದ್ದೆ!" ಅಂದಳು ಅಮ್ಮ. "ಬರ್ತಿದ್ದೆ ಕಣೋ. ಬಂದಿದ್ರೆ ಏನೀಗ? ಅಲ್ಲ, ಅಷ್ಟು ದಿನ ತಣ್ಣಗಿಂದೇ ತಿಂದ್ಕೊಂಡು ಇದ್ದೆಯಾ?"

"ಆಮೇಲೆ ಒಲೆ ಇರೋ ಮನೆಗೆ ಬಂದೆನಲ್ಲ. ಅಷ್ಟೊತ್ತಿಗೆ ಇದೇ ಕೈಗೆ ಹತ್ತಿಬಿಟ್ಟಿತ್ತು. ಖುಷೀನೂ ಕೊಡ್ತಿತ್ತು."

ಅಮ್ಮ ಮುಖ ತೊಳೆಯಲು ಹೋದಳು. ರುಚಿಯನ್ನೇನೂ ನೋಡಲಿಲ್ಲ. ಚಿಕ್ಕಪ್ಪ ಬಾಟಲಿ ಎತ್ತಿಕೊಂಡು ನನ್ನ ಮುಖ ನೋಡಿದ. ನಾನು ಬೇಯುತ್ತಿದ್ದ ಆಲೂಗಡ್ಡೆ ಕೆದಕಿದೆ. ಇಷ್ಟು ವರ್ಷದ ಗಂಟು ಬಿಚ್ಚಿದ್ದೇನೋ ಹೌದು, ಆದರೆ ಆ ಕೋಪ ಯಾವ ಕಡೆ ತಿರುಗುತ್ತದೋ ಎಂದು ಇಬ್ಬರಿಗೂ ಭಯ.

ಮಧ್ಯಾಹ್ನ ಮನೆ ತುಂಬಿತು. ಅಪ್ಪನ ಗೆಳೆಯರೆಲ್ಲ ಜೋರು ಗಂಟಲಿನವರು, ಮೆಷಿನ್ ಸದ್ದಿನಲ್ಲಿ ಮಾತಾಡಿ ಅಭ್ಯಾಸ. ಮೇಜಿನ ಮೇಲೆ ಪಾತ್ರೆಗಳ ಸಾಲು, ಕೊನೆಯಲ್ಲಿ ಗಾಜಿನ ಬಟ್ಟಲು. ಅಮ್ಮ ಚಮಚ ಹಿಡಿದು ಹೊರಟಳು. ತನ್ನ ನಾದಿನಿಗೆ ಎಣ್ಣೆ ಜಾಸ್ತಿಯೆಂದು ಬೈಗುಳ ಬಿತ್ತು, ಅವಳ ಹೊಸ ಅಳಿಯನಿಗೆ ಅನ್ನ ಮುದ್ದೆಯಾಯಿತೆಂದು ಬಿತ್ತು. ಗಾಜಿನ ಬಟ್ಟಲಿನ ಹತ್ತಿರ ಬಂದಾಗ ನಮ್ಮ ಕಡೆಯವರೆಲ್ಲ ಅವಳ ಚಮಚದತ್ತ ತಿರುಗಿದರು. ಚಿಕ್ಕಪ್ಪ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದ.

ಅಷ್ಟರಲ್ಲಿ ಅಪ್ಪನ ಗೆಳೆಯರೊಬ್ಬರು ಬಾಯಿ ತುಂಬ ಸಲಾಡು ಅಗಿಯುತ್ತಾ, "ಇದು ಯಾರು ಮಾಡಿದ್ದು ಅಕ್ಕಾ? ಬಹಳ ಚೆನ್ನಾಗಿದೆ!" ಅಂದರು.

ಅಮ್ಮ ಚಮಚವನ್ನು ಬಟ್ಟಲಿಗಿಳಿಸಿ, ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದಳು.

"ಏನು ಮಹಾ ಚೆನ್ನಾಗಿದೆ?" ಅಂದಳು. "ಈರುಳ್ಳಿ ಇನ್ನೂ ಸ್ವಲ್ಪ ಹೊತ್ತು ನೆನೀಬೇಕಿತ್ತು. ಬೆಳ್ಳುಳ್ಳಿ ಮುಂದಾಯ್ತು. ನಾನು ಬೆಳೆಸಿದ ಹುಡುಗ ಮಾಡಿದ್ದು. ಚಿಕ್ಕೋನಿದ್ದಾಗಿಂದ ಅವನಿಗೆ ಎಲ್ಲದಕ್ಕೂ ಆತುರ."

ಚಿಕ್ಕಪ್ಪನ ಮುಖ ನೋಡಬೇಕಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ಗೊತ್ತಿದ್ದಂತಿರಲಿಲ್ಲ. ನನಗೂ ಕಣ್ಣು ಮಂಜಾಯಿತು, ಅಷ್ಟು ಸಂತೋಷ. ಅವನು ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದ.

"ಮತ್ತೆ? ಇನ್ನೇನು ಸರಿ ಇಲ್ಲ ಅತ್ತಿಗೆ?"

"ಒಂದು ಚಮಚ ತಿಂದು ಎಲ್ಲ ಹೇಳೋಕಾಗುತ್ತೇನೋ?" ಅಮ್ಮ ಕುರ್ಚಿ ಎಳೆದು ಕೂತು ತಟ್ಟೆ ಮುಂದೆ ಹಿಡಿದಳು. "ಹಾಕು, ತುಂಬ ಹಾಕು. ಹೇಳ್ತೀನಿ."

ಅವನು ಎಡಗೈಯಲ್ಲಿ ಬಡಿಸಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದ. ಅಮ್ಮ ಅದಕ್ಕೂ ಬೈದಳು.